ಆರ್‌ಸಿ ಕಾರು ಗುದ್ದಿದ ಮೇಲೆ: ಪೆಟ್ಟು ಎಲ್ಲಿವರೆಗೆ ಹೋಗಿದೆ ಅಂತ ಹುಡುಕುವುದು ಹೇಗೆ

ಆರ್‌ಸಿ ಕಾರು, ಅಂದರೆ ರಿಮೋಟಿನಲ್ಲಿ ಓಡಿಸುವ ಪುಟ್ಟ ಕಾರು, ಕಲ್ಲಿಗೋ ಕಾಂಪೌಂಡಿಗೋ ಗುದ್ದಿದ ತಕ್ಷಣ ಹೆಚ್ಚಿನವರು ಮಾಡುವುದು ಒಂದೇ: ಓಡುತ್ತಾ ನೋಡೋಣ ಅಂತ ಇನ್ನೊಂದು ಸಲ ಥ್ರಾಟಲ್ ಒತ್ತುವುದು. ದಯವಿಟ್ಟು ಒತ್ತಬೇಡಿ. ಅಷ್ಟೊತ್ತಿಗೆ ಮುರಿದಿರುವುದು ಬರೀ ಒಂದು ಆರ್ಮ್, ಅಂದರೆ ಚಕ್ರವನ್ನು ಕಾರಿಗೆ ಸೇರಿಸುವ ಪ್ಲಾಸ್ಟಿಕ್ ತೋಳು ಇರಬಹುದು. ಚಕ್ರ ಎಲ್ಲೋ ಸಿಕ್ಕಿಕೊಂಡಿರುವಾಗ ಥ್ರಾಟಲ್ ಕೊಟ್ಟರೆ ಮೋಟರ್ ತಿರುಗಲಾಗದೆ ನಿಂತಲ್ಲೇ ಕರೆಂಟ್ ಎಳೆಯುತ್ತದೆ. ಅದರ ಜೊತೆ ಇಎಸ್‌ಸಿ, ಅಂದರೆ ಮೋಟರ್‌ಗೆ ಕರೆಂಟ್ ಅಳೆದು ಕೊಡುವ ಸ್ಪೀಡ್ ಕಂಟ್ರೋಲರ್ ಕೂಡ ಸುಟ್ಟುಹೋಗಬಹುದು. ಆರ್ಮ್‌ಗೂ ಇಎಸ್‌ಸಿಗೂ ಬೆಲೆಯಲ್ಲಿ ಎಷ್ಟು ವ್ಯತ್ಯಾಸ ಅಂತ ಕೊಂಡವರಿಗೆ ಗೊತ್ತು.

ಎರಡನೇ ತಪ್ಪು ಮನೆಗೆ ಬಂದ ಮೇಲೆ ಆಗುತ್ತದೆ. ಮುರಿದ ತುಂಡು ಕಣ್ಣಿಗೆ ಕಾಣುತ್ತದೆ, ಅದನ್ನು ಬದಲಿಸಿ ಸುಮ್ಮನಾಗುತ್ತಾರೆ. ಆದರೆ ಪೆಟ್ಟು ಮುರಿದ ಜಾಗದಲ್ಲೇ ನಿಲ್ಲುವುದಿಲ್ಲ. ಚಕ್ರಕ್ಕೆ ಬಿದ್ದ ಪೆಟ್ಟು ಚಕ್ರದ ಬೇರಿಂಗ್ ಕೂರುವ ತುಂಡಾದ ನಕಲ್‌ಗೆ (knuckle) ಹೋಗುತ್ತದೆ, ಅಲ್ಲಿಂದ ಆರ್ಮ್‌ಗೆ, ಆರ್ಮ್ ಮೇಲೆ ಕೆಳಗೆ ಆಡಲು ಇರುವ ಹಿಂಜ್ ಪಿನ್‌ಗೆ, ಪಿನ್ ಹಿಡಿದಿರುವ ಬಲ್ಕ್‌ಹೆಡ್‌ಗೆ, ಕೊನೆಗೆ ಕಾರಿನ ತಳವಾದ ಚಾಸಿಗೆ. ಇನ್ನೊಂದು ದಾರಿಯಲ್ಲಿ ಸ್ಟೇರಿಂಗ್ ರಾಡ್ ಹಿಡಿದು ಸರ್ವೋ, ಅಂದರೆ ಸ್ಟೇರಿಂಗ್ ತಿರುಗಿಸುವ ಸಣ್ಣ ಮೋಟರ್ ಡಬ್ಬಿಯ ಒಳಗಿನ ಹಲ್ಲುಗಳವರೆಗೆ ಹೋಗುತ್ತದೆ. ಇಲ್ಲಿ ಬರೆದಿರುವ ಪರೀಕ್ಷೆಗಳೆಲ್ಲ ಈ ಎರಡು ದಾರಿಗಳನ್ನು ಹಿಡಿದು ಹೋಗುವುದಕ್ಕೇ. ನಿಜವಾದ ಕಾರಿನ 1/10ರಿಂದ 1/14 ಅಳತೆಯ ಬ್ಯಾಟರಿ ಕಾರುಗಳಿಗೆ ಇದು ಹೊಂದುತ್ತದೆ. ನೈಟ್ರೋ ಎಂಜಿನ್ ಕಾರಿನ ವಿಷಯ ಬೇರೆ.

ಮೊದಲು ಬ್ಯಾಟರಿ

ಓಡಿಹೋಗಿ ಕಾರು ಎತ್ತಿಕೊಳ್ಳಿ. ಮೊದಲು ಕಾರಿನ ಸ್ವಿಚ್ ಆಫ್ ಮಾಡಿ, ಆಮೇಲೆ ರಿಮೋಟ್. ಉಲ್ಟಾ ಮಾಡಿದರೆ ರಿಮೋಟ್ ಇಲ್ಲದ ಕಾರು ಕೈಯಲ್ಲೇ ಚಕ್ರ ತಿರುಗಿಸುವ ಸಾಧ್ಯತೆ ಇದೆ. ನಂತರ ಬ್ಯಾಟರಿಯ ಪ್ಲಗ್ ಕಿತ್ತು, ಬ್ಯಾಟರಿಯನ್ನು ಹೊರಗೆ ತೆಗೆದು ಸುತ್ತಲೂ ನೋಡಿ.

ಮೂಲೆ ಜಜ್ಜಿದೆಯಾ? ಹೊಟ್ಟೆ ಉಬ್ಬಿದೆಯಾ? ಸಿಹಿಯಾದ, ನೇಲ್ ಪಾಲಿಶ್ ರಿಮೂವರ್ ತರಹದ ವಾಸನೆ ಬರುತ್ತಿದೆಯಾ? ಈ ಮೂರರಲ್ಲಿ ಒಂದಿದ್ದರೂ ಆ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಕಥೆ ಮುಗಿಯಿತು. ಚಾರ್ಜ್ ಹಾಕಬೇಡಿ, ಚುಚ್ಚಬೇಡಿ, ಕಾರಿನ ಡಿಕ್ಕಿಯಲ್ಲಿ ಬಟ್ಟೆಬರೆ ಮಧ್ಯೆ ಇಟ್ಟು ಮನೆಗೆ ತರಬೇಡಿ. ಪೆಟ್ಟಿನಿಂದ ಒಳಗೆ ಶಾರ್ಟ್ ಆದರೆ ಬೆಂಕಿ ತಕ್ಷಣವೇ ಬರಬೇಕೆಂದಿಲ್ಲ, ಸ್ವಲ್ಪ ಹೊತ್ತು ಬಿಟ್ಟೂ ಬರಬಹುದು. ಬಯಲಲ್ಲಿ ಬರೀ ನೆಲದ ಮೇಲೆ ಇಟ್ಟು ದೂರದಿಂದ ಕಾಯಿರಿ. ಅಪಾರ್ಟ್‌ಮೆಂಟಿನವರು ಒಂದು ಹಳೆ ಮಣ್ಣಿನ ಕುಂಡದ ತಳಕ್ಕೆ ಮರಳು ಹಾಕಿ ಇಟ್ಟುಕೊಂಡಿದ್ದರೆ ಒಳ್ಳೆಯದು. ಸತ್ತ ಬ್ಯಾಟರಿ ಒಣ ಕಸಕ್ಕೆ ಹೋಗಬಾರದು. ಕಸದ ಗಾಡಿಯಲ್ಲಿ ಅದು ಜಜ್ಜಿಹೋದರೆ ಹೊತ್ತಿಕೊಳ್ಳುತ್ತದೆ, ಅಲ್ಲಿ ಕೆಲಸ ಮಾಡುವವರ ಕೈ ಸುಡುತ್ತದೆ. ಇ-ವೇಸ್ಟ್ ತೆಗೆದುಕೊಳ್ಳುವವರಿಗೇ ಕೊಡಿ.

ನೋಡಲು ಚೆನ್ನಾಗಿದ್ದರೂ ವೋಲ್ಟೇಜ್ ಅಳೆಯಿರಿ. 2ಎಸ್ ಬ್ಯಾಟರಿಯಲ್ಲಿ ಎರಡು ಸೆಲ್ ಇರುತ್ತವೆ. ಬ್ಯಾಟರಿಯ ಸಣ್ಣ ಬ್ಯಾಲೆನ್ಸ್ ಪ್ಲಗ್‌ನಲ್ಲಿ ಎರಡನ್ನೂ ಬೇರೆ ಬೇರೆ ಅಳೆಯಬಹುದು. ಪೂರ್ತಿ ತುಂಬಿದ ಸೆಲ್ 4.2 ವೋಲ್ಟ್ ತೋರಿಸುತ್ತದೆ, ಸಾಮಾನ್ಯ ಲೆಕ್ಕ 3.7. ಎರಡು ಸೆಲ್ ನಡುವೆ 0.1 ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅನುಮಾನಿಸಿ. ಕೆಲವು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಬ್ಯಾಟರಿ ಸುಮ್ನೆ ಕೂತಿದ್ದರೂ ಒಂದು ಸೆಲ್ ಇಳಿಯುತ್ತಲೇ ಇದ್ದರೆ ಅದರ ಒಳಗೆ ಸೋರಿಕೆ ಇದೆ, ಅದನ್ನು ಬಳಸಬೇಡಿ. 3 ವೋಲ್ಟ್‌ಗಿಂತ ಕೆಳಗೆ ಹೋದ ಸೆಲ್‌ಗೂ ಮತ್ತೆ ಜೀವ ಕೊಡಲು ಹೋಗಬೇಡಿ.

ಬ್ಯಾಟರಿ ಇಲ್ಲದೆ, ಕೈಯಲ್ಲಿ

ನನ್ನ ಪ್ರಕಾರ ರಿಪೇರಿಯ ಮುಕ್ಕಾಲು ಭಾಗ ಇಲ್ಲೇ ಮುಗಿಯುತ್ತದೆ. ಅದಕ್ಕೇ ಇಲ್ಲಿ ಅವಸರ ಬೇಡ.

ಬಾಡಿ ತೆಗೆದು, ಕಾರನ್ನು ಒಂದು ಡಬ್ಬದ ಮೇಲೆ ಚಕ್ರ ನೆಲ ಮುಟ್ಟದಂತೆ ಇಡಿ. ಮೆತ್ತನೆಯ ಬ್ರಷ್‌ನಲ್ಲಿ ಮಣ್ಣು ಉದುರಿಸಿ, ಯಾಕೆಂದರೆ ಸಣ್ಣ ಬಿರುಕುಗಳು ನಮ್ಮ ಕೆಮ್ಮಣ್ಣಿನ ಕೆಳಗೆ ಕಾಣುವುದೇ ಇಲ್ಲ. ಆಮೇಲೆ ನಾಲ್ಕು ಚಕ್ರಗಳನ್ನು ಒಂದೊಂದಾಗಿ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲ್ಲಾಡಿಸಿ. ಪೆಟ್ಟು ಬೀಳದ ಬದಿಯ ಚಕ್ರದಿಂದಲೇ ಶುರು ಮಾಡಿ. ಸರಿ ಇರುವ ಬದಿ ಎಷ್ಟು ಅಲ್ಲಾಡುತ್ತದೆ ಅಂತ ಕೈಗೆ ಗೊತ್ತಾದರೆ, ಪೆಟ್ಟು ಬಿದ್ದ ಬದಿಯಲ್ಲಿ ಏನು ಜಾಸ್ತಿ ಆಗಿದೆ ಅಂತ ತಾನಾಗಿ ತಿಳಿಯುತ್ತದೆ.

ಚಕ್ರ ಮಾತ್ರ ಅಲ್ಲಾಡಿ ಆರ್ಮ್ ಅಲ್ಲಾಡದಿದ್ದರೆ ನಕಲ್ ಬೇರಿಂಗ್, ಚಕ್ರದ ನಟ್ಟು ಅಥವಾ ಚಕ್ರ ಕೂರುವ ಆರು ಮೂಲೆಯ 12 ಎಂಎಂ ಹೆಕ್ಸ್ ನೋಡಿ. ಹೆಕ್ಸ್ ಹಿಂದಿನ ಸಣ್ಣ ಪಿನ್ ಬಿದ್ದುಹೋಗಿರುವುದು ತುಂಬಾ ಸಾಮಾನ್ಯ. ಆರ್ಮ್ ಸಮೇತ ಅಲ್ಲಾಡಿದರೆ ದೋಷ ಒಳಗಿದೆ: ಹಿಂಜ್ ಪಿನ್ ಬಗ್ಗಿದೆ, ಇಲ್ಲವೇ ಪಿನ್ ಕೂರುವ ತೂತು ಅಗಲವಾಗಿದೆ, ಇಲ್ಲವೇ ಬಲ್ಕ್‌ಹೆಡ್ ಬಿರುಕು ಬಿಟ್ಟಿದೆ.

ಬನಶಂಕರಿ 6ನೇ ಹಂತದ ಖಾಲಿ ರಸ್ತೆಗಳಲ್ಲಿ ನಮ್ಮ ಜೊತೆ ಓಡಿಸುವ ಹುಡುಗನೊಬ್ಬನ ಕಾರಿನಲ್ಲಿ ಮುಂದಿನ ಬಲಗಡೆ ಆರ್ಮ್ ಮತ್ತೆ ಮತ್ತೆ ಮುರಿಯುತ್ತಿತ್ತು. ಸಣ್ಣ ಹಂಪ್ ಹಾರಿಸಿದರೂ ಸಾಕು, ಟಪ್ ಅಂತ ಹೋಗುತ್ತಿತ್ತು. ಪ್ಲಾಸ್ಟಿಕ್ಕೇ ಸರಿ ಇಲ್ಲ ಅಂತ ಅವನ ತೀರ್ಮಾನ. ಶಾಕ್ (ಶಾಕ್ ಅಬ್ಸಾರ್ಬರ್) ಬಿಚ್ಚಿ ಆರ್ಮ್ ಅನ್ನು ಮೇಲೆತ್ತಿ ಬಿಟ್ಟೆವು. ಸರಿ ಇದ್ದರೆ ಅದು ತನ್ನ ಭಾರಕ್ಕೆ ತಾನೇ ಕೆಳಗೆ ಬೀಳಬೇಕು. ಇದು ಅರ್ಧದಲ್ಲೇ ನಿಂತಿತು. ಪಿನ್ ಎಳೆದು ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಬೆರಳಿನಿಂದ ಮೆಲ್ಲಗೆ ಉರುಳಿಸಿದೆವು. ನೇರ ಇರುವ ಪಿನ್ ಸದ್ದಿಲ್ಲದೆ ಉರುಳುತ್ತದೆ. ಇದು ಪ್ರತಿ ಸುತ್ತಿಗೂ ಟಿಕ್ ಟಿಕ್ ಅನ್ನುತ್ತಿತ್ತು. ಕಣ್ಣನ್ನು ಕಟ್ಟೆಯ ಮಟ್ಟಕ್ಕೆ ತಂದು ನೋಡಿದರೆ ಪಿನ್‌ನ ನಡುವೆ ಕೂದಲೆಳೆಯಷ್ಟು ಬೆಳಕು ಕಾಣುತ್ತಿತ್ತು. ಅಷ್ಟು ಸಣ್ಣ ಬಾಗು ಸಾಕು. ಆರ್ಮ್ ಬಿಗಿಯಾಗಿ, ಶಾಕ್ ನುಂಗಬೇಕಾದ ಪೆಟ್ಟನ್ನೆಲ್ಲ ಪ್ಲಾಸ್ಟಿಕ್ಕೇ ತಿನ್ನುತ್ತಿತ್ತು. ಪಿನ್ ಬದಲಿಸಿದ ಮೇಲೆ ಅದೇ ಆರ್ಮ್ ಬಾಳಿಕೆ ಬಂತು.

ಈ ಕಟ್ಟೆ ಪರೀಕ್ಷೆಯನ್ನು ಎಲ್ಲ ಉದ್ದನೆಯ ಭಾಗಗಳಿಗೂ ಮಾಡಿ: ಹಿಂಜ್ ಪಿನ್, ಶಾಕ್ ಶಾಫ್ಟ್, ಚಕ್ರಕ್ಕೆ ತಿರುಗುವ ಶಕ್ತಿ ಒಯ್ಯುವ ಸರಳಾದ ಡಾಗ್‌ಬೋನ್, ನಡುವಿನ ಡ್ರೈವ್‌ಶಾಫ್ಟ್. ಬಗ್ಗಿದ ಪಿನ್ನನ್ನು ಸುತ್ತಿಗೆಯಲ್ಲಿ ಬಡಿದು ನೇರ ಮಾಡಬಹುದಲ್ವಾ ಅಂತ ಕೇಳುತ್ತಾರೆ. ಆ ದಿನದ ಮಟ್ಟಿಗೆ ನಡೆಯಬಹುದು. ಆದರೆ ಒಮ್ಮೆ ಬಗ್ಗಿದ ಉಕ್ಕು ಮತ್ತೆ ಅಲ್ಲೇ ಬಗ್ಗುತ್ತದೆ.

ಮುರಿದ ಆರ್ಮ್‌ಗೆ ಅಂಟು ಹಾಕುವುದು ವ್ಯರ್ಥ. ಅದು ನೈಲಾನ್, ಬಳುಕುವ ವಸ್ತು. ಸೂಪರ್ ಗ್ಲೂ ಗಟ್ಟಿಯಾಗಿ ಕೂತು ಮೊದಲ ಬಳುಕಿಗೇ ಬಿಟ್ಟುಕೊಳ್ಳುತ್ತದೆ. ಹಾಗಂತ ಅಲ್ಯೂಮಿನಿಯಂ ಆರ್ಮ್ ಹಾಕಿಬಿಡೋಣ ಅನ್ನುವುದೂ ಸರಿಯಲ್ಲ. ಪ್ಲಾಸ್ಟಿಕ್ ಆರ್ಮ್ ಮುರಿದು ಉಳಿದದ್ದನ್ನು ಕಾಪಾಡುತ್ತದೆ. ಅಲ್ಯೂಮಿನಿಯಂ ಸುಲಭಕ್ಕೆ ಮುರಿಯುವುದಿಲ್ಲ, ಪೆಟ್ಟನ್ನು ಪೂರ್ತಿ ಬಲ್ಕ್‌ಹೆಡ್‌ಗೆ ದಾಟಿಸುತ್ತದೆ. ನಮ್ಮ ಲೇಔಟುಗಳ ಕಲ್ಲಿನ ಕರ್ಬ್‌ಗಳಿಗೆ ಗುದ್ದುವ ಕಾರಿಗೆ ನಾನಂತೂ ಪ್ಲಾಸ್ಟಿಕ್ಕೇ ಹಾಕುತ್ತೇನೆ, ಬ್ಯಾಗಿನಲ್ಲಿ ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳುತ್ತೇನೆ.

ಮೋಟರ್ ತಿರುಗುತ್ತದೆ, ಕಾರು ಹೋಗುವುದಿಲ್ಲ

ಬ್ಯಾಟರಿ ಹಾಕದೆಯೇ ಇದನ್ನು ಕಂಡುಹಿಡಿಯಬಹುದು. ಮೋಟರ್ ಪಕ್ಕದ ದೊಡ್ಡ ಹಲ್ಲಿನ ಚಕ್ರ, ಸ್ಪರ್ ಗೇರ್, ಅದನ್ನು ಬೆರಳಿನಿಂದ ಅಲ್ಲಾಡದಂತೆ ಹಿಡಿಯಿರಿ. ಹಿಂದಿನ ಒಂದು ಚಕ್ರವನ್ನು ಮುಂದಕ್ಕೆ ತಿರುಗಿಸಿ. ಇನ್ನೊಂದು ಚಕ್ರ ಹಿಂದಕ್ಕೆ ತಿರುಗಬೇಕು. ತಿರುಗಿದರೆ ಹಿಂದಿನ ಡಿಫ್, ಅಂದರೆ ಎರಡು ಚಕ್ರಗಳಿಗೂ ಶಕ್ತಿ ಹಂಚುವ ಡಿಫರೆನ್ಷಿಯಲ್ ಗೇರ್, ಸರಿ ಇದೆ. ತಿರುಗದಿದ್ದರೆ ಡಾಗ್‌ಬೋನ್ ಕಳಚಿದೆ, ಇಲ್ಲವೇ ಡಿಫ್ ಒಳಗೆ ಹಲ್ಲು ಹೋಗಿದೆ. ತಿರುಗಿಸುವಾಗ ಕಟಕಟ ಸದ್ದು ಬಂದರೆ ಹಲ್ಲೇ. ಫೋರ್ ವೀಲ್ ಡ್ರೈವ್ ಇದ್ದರೆ ಮುಂದೂ ಹೀಗೆಯೇ. ನಡುವೆಯೂ ಡಿಫ್ ಇರುವ ಕಾರುಗಳಲ್ಲಿ ಒಂದು ತುದಿಯ ಎರಡೂ ಚಕ್ರ ಹಿಡಿದು, ಇನ್ನೊಂದು ತುದಿ ನೋಡಬೇಕಾಗುತ್ತದೆ.

ಎರಡೂ ಡಿಫ್ ಸರಿ ಇದ್ದರೆ ಮೋಟರ್ ಶಾಫ್ಟಿನ ಸಣ್ಣ ಗೇರ್, ಪಿನಿಯನ್, ಅದನ್ನು ನೋಡಿ. ಅದನ್ನು ಹಿಡಿದಿರುವುದು ಒಂದೇ ಒಂದು ಸಣ್ಣ ಗ್ರಬ್ ಸ್ಕ್ರೂ. ಅದು ಸಡಿಲವಾದರೆ ಶಾಫ್ಟ್ ಮಾತ್ರ ತಿರುಗುತ್ತದೆ, ಪಿನಿಯನ್ ನಿಂತಿರುತ್ತದೆ. ಶಾಫ್ಟಿನಲ್ಲಿ ಚಪ್ಪಟೆಯಾಗಿ ಉಜ್ಜಿದ ಜಾಗ ಇರುತ್ತದೆ, ಸ್ಕ್ರೂ ಅಲ್ಲೇ ಕೂರಬೇಕು. ಲೋಹಕ್ಕೆ ಲೋಹ ಕೂರುವ ಕಡೆಯೆಲ್ಲ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕ್ ಅಂಟು ಒಂದು ತೊಟ್ಟು ಹಾಕಿ. ಕೆಂಪು ಬೇಡ, ಮತ್ತೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ಪ್ಲಾಸ್ಟಿಕ್‌ಗೆ ಯಾವುದೂ ಬೇಡ.

ಗುದ್ದಿದ ರಭಸಕ್ಕೆ ಮೋಟರ್ ಮೌಂಟ್ ಸ್ವಲ್ಪ ಜರುಗಿರುವುದೂ ಉಂಟು. ಆಗ ಪಿನಿಯನ್‌ಗೂ ಸ್ಪರ್‌ಗೂ ನಡುವಿನ ಅಂತರ ಕೆಡುತ್ತದೆ. ಜಾಸ್ತಿ ಆದರೆ ಹಲ್ಲು ಕೊಚ್ಚಿಹೋಗುತ್ತದೆ, ಕಡಿಮೆ ಆದರೆ ಕೀರಲು ಸದ್ದು ಬಂದು ಮೋಟರ್ ಬಿಸಿಯಾಗುತ್ತದೆ. ನೋಟ್‌ಬುಕ್ಕಿನ ಹಾಳೆಯ ಒಂದು ಪಟ್ಟಿಯನ್ನು ಎರಡು ಗೇರ್ ನಡುವೆ ಇಟ್ಟು, ಒತ್ತಿ, ಮೋಟರ್ ಸ್ಕ್ರೂ ಬಿಗಿ ಮಾಡಿ, ಹಾಳೆ ಹೊರಗೆ ತಿರುಗಿಸಿ ತೆಗೆಯಿರಿ. ಹಾಳೆ ಮಡಚಿಕೊಂಡು ಬರಬೇಕು, ಹರಿದು ಬರಬಾರದು. ಹೊಸ ಗೇರ್ ಕೊಳ್ಳುವುದಾದರೆ 32 ಪಿಚ್ ಮತ್ತು 0.8 ಮಾಡ್ಯೂಲ್ ನೋಡಲು ಒಂದೇ ತರಹ ಇರುತ್ತವೆ, ಆದರೆ ಒಂದೇ ಅಲ್ಲ. ಬೆರೆಸಬೇಡಿ.

ಮನೆ ಕಟ್ಟುತ್ತಿರುವ ಸೈಟುಗಳ ಪಕ್ಕ ಓಡಿಸುವವರು ಗೇರ್ ಹಲ್ಲುಗಳ ಸಂದಿಯನ್ನು ಪ್ರತಿ ಸಲ ನೋಡಲೇಬೇಕು. ಎಂ-ಸ್ಯಾಂಡ್ ಕಣಕ್ಕೆ ಮೂಲೆಗಳಿವೆ, ಹೊಳೆ ಮರಳಿನಷ್ಟು ನುಣುಪಲ್ಲ. ಒಂದೇ ಕಣ ಪ್ಲಾಸ್ಟಿಕ್ ಸ್ಪರ್ ಹಲ್ಲನ್ನು ತಿಂದುಹಾಕುತ್ತದೆ.

ಒಂದು ಕಡೆಗೆ ಎಳೆಯುತ್ತದೆ, ಅಥವಾ ಸ್ಟೇರಿಂಗ್ ಇಲ್ಲವೇ ಇಲ್ಲ

ಮೊದಲು ರಿಮೋಟಿನ ಟ್ರಿಮ್, ಅಂದರೆ ಸ್ಟೇರಿಂಗ್‌ನ ನಡುಬಿಂದು ಸರಿಸುವ ಗುಂಡಿ, ಸೊನ್ನೆಗೆ ತನ್ನಿ. ಟ್ರಿಮ್ ತಿರುಗಿಸಿ ನೇರ ಮಾಡಿಕೊಂಡರೆ ದೋಷ ಅಡಗಿಕೊಳ್ಳುತ್ತದೆ ಅಷ್ಟೇ.

ಬ್ಯಾಟರಿ ಇಲ್ಲದಿರುವಾಗ ಸರ್ವೋ ತುದಿಗೆ ಕೂರಿಸಿದ ಸಣ್ಣ ತೋಳು, ಹಾರ್ನ್, ಅದರ ಸ್ಕ್ರೂ ಬಿಚ್ಚಿ ಹಾರ್ನ್ ಎಳೆದುಬಿಡಿ. ಈಗ ಮುಂದಿನ ಚಕ್ರಗಳನ್ನು ಕೈಯಲ್ಲಿ ಎಡಕ್ಕೆ ಬಲಕ್ಕೆ ತಿರುಗಿಸಿ. ಎಲ್ಲಾದರೂ ಹಿಡಿದರೆ ದೋಷ ರಾಡ್, ರಾಡ್ ತುದಿಯ ಬಾಲ್ ಕಪ್ ಅಥವಾ ನಕಲ್‌ನಲ್ಲಿದೆ. ಸಲೀಸಾಗಿ ತಿರುಗಿದರೆ ಸರ್ವೋ ನೋಡುವ ಸರದಿ. ಹಾರ್ನ್ ಮಾತ್ರ ಮತ್ತೆ ತೊಡಿಸಿ, ಅದನ್ನು ತುಂಬಾ ನಿಧಾನವಾಗಿ ಬೆರಳಲ್ಲಿ ತಿರುಗಿಸಿ. ಒಳಗಿನ ಹಲ್ಲುಗಳು ಸರಿ ಇದ್ದರೆ ಒಂದೇ ಸಮ ಬಿಗಿ ಇರುತ್ತದೆ. ಒಂದು ಜಾಗದಲ್ಲಿ ಸಡಿಲಾಗಿ ಜಿಗಿದರೆ ಆ ಜಾಗದ ಹಲ್ಲು ಹೋಗಿದೆ. ಬಹಳ ಸರ್ವೋಗಳಿಗೆ ಗೇರ್ ಸೆಟ್ ಬೇರೆಯಾಗಿ ಸಿಗುತ್ತದೆ, ಪೂರ್ತಿ ಸರ್ವೋ ಕೊಳ್ಳುವ ಮೊದಲು ವಿಚಾರಿಸಿ. ಹಾರ್ನ್ ಕೊಳ್ಳುವಾಗ ಸರ್ವೋ ತುದಿಯ ಹಲ್ಲು ಎಷ್ಟು ಅಂತ ತಿಳಿದಿರಲಿ: ಫುಟಾಬಾ ಮಾದರಿಯದು 25, ಹೈಟೆಕ್ 24, ಜೆಆರ್ ಮತ್ತು ಸಾನ್ವಾ 23. ಬಲವಂತವಾಗಿ ಕೂರಿಸಿದರೆ ಎರಡೂ ಹಾಳು.

ಸರ್ವೋ ಸೇವರ್ ಅನ್ನುವ ಸ್ಪ್ರಿಂಗ್ ಭಾಗ ಇರುವುದೇ ಪೆಟ್ಟು ಸರ್ವೋ ಹಲ್ಲಿಗೆ ತಲುಪದಿರಲಿ ಅಂತ. ಅದನ್ನು ತೆಗೆದು ಗಟ್ಟಿ ಲೋಹದ ಹಾರ್ನ್ ನೇರವಾಗಿ ಹಾಕಿದರೆ ಸ್ಟೇರಿಂಗ್ ಚುರುಕಾಗುತ್ತದೆ, ಮುಂದಿನ ಗುದ್ದಿಗೆ ಸರ್ವೋ ಹೋಗುತ್ತದೆ.

ಮುಂಭಾಗ ಎಲ್ಲ ಸರಿ ಇದ್ದೂ ಕಾರು ಎಳೆಯುತ್ತಿದೆಯಾ? ಹಿಂಭಾಗ ನೋಡಿ. ಹಿಂದಿನ ಒಂದು ಹಿಂಜ್ ಪಿನ್ ಹೋಲ್ಡರ್ ಜರುಗಿ ಆ ಚಕ್ರ ಸ್ವಲ್ಪ ಹೊರಗೆ ತಿರುಗಿದ್ದರೂ ಕಾರು ನೇರ ಹೋಗುವುದಿಲ್ಲ. ಕಾರನ್ನು ಅದೇ ಗ್ರಾನೈಟ್ ಕಟ್ಟೆಯ ಮೇಲಿಟ್ಟು ಮೇಲಿನಿಂದ ನೋಡಿದರೆ ಗೊತ್ತಾಗುತ್ತದೆ. ನಾಲ್ಕರಲ್ಲಿ ಒಂದು ಚಕ್ರ ಕಟ್ಟೆ ಮುಟ್ಟುತ್ತಿಲ್ಲ ಅಂದರೆ ಶಾಕ್‌ಗಳನ್ನು ಬಿಚ್ಚಿ ಚಾಸಿಯನ್ನೇ ಒತ್ತಿ ಪರೀಕ್ಷಿಸಿ. ಚಾಸಿ ಕುಂಟುತ್ತಿದ್ದರೆ ಅದು ತಿರುಚಿಕೊಂಡಿದೆ.

ಮೋಟರ್ ನಡುಗುತ್ತದೆ, ತಿರುಗುವುದಿಲ್ಲ

ಬ್ರಶ್‌ಲೆಸ್ ಮೋಟರ್‌ಗೆ ಮೂರು ವೈರ್. ಮೂರರಲ್ಲಿ ಒಂದು ಕಡಿದರೂ ಮೋಟರ್ ಗರ್ ಗರ್ ಅಂತ ನಡುಗುತ್ತದೆ ಅಷ್ಟೇ. ಗುದ್ದಿದಾಗ ಬ್ಯಾಟರಿ ಮುಂದಕ್ಕೆ ಜಾರಿ ಈ ವೈರ್‌ಗಳ ಮೇಲೆ ಬೀಳುವುದು ಹೆಚ್ಚು. ಪ್ರತಿ ಬುಲೆಟ್ ಕನೆಕ್ಟರ್ ಹತ್ತಿರದ ಬೆಸುಗೆಯನ್ನು ಬೆಳಕಿಗೆ ಹಿಡಿದು ನೋಡಿ. ಒಳ್ಳೆಯ ಬೆಸುಗೆ ಸಾಮಾನ್ಯವಾಗಿ ಹೊಳೆಯುತ್ತದೆ. ಬಿಟ್ಟ ಬೆಸುಗೆಯ ಸುತ್ತ ಸಣ್ಣ ಬೂದು ಉಂಗುರ ಕಾಣುತ್ತದೆ, ವೈರ್ ಅಲ್ಲಾಡಿಸಿದರೆ ಆ ಉಂಗುರದೊಳಗೇ ಅಲ್ಲಾಡುತ್ತದೆ.

ವೈರ್ ಸರಿ ಇದ್ದರೆ ಮೋಟರ್ ಕೆಟ್ಟಿದೆಯೋ ಇಎಸ್‌ಸಿ ಕೆಟ್ಟಿದೆಯೋ ಅಂತ ತಿಳಿಯಬೇಕು. ಮೂರೂ ವೈರ್ ಇಎಸ್‌ಸಿಯಿಂದ ಬಿಡಿಸಿ, ಪಿನಿಯನ್ ಅನ್ನು ಸ್ಪರ್‌ನಿಂದ ದೂರ ಸರಿಸಿ, ಶಾಫ್ಟ್ ಅನ್ನು ಕೈಯಲ್ಲಿ ತಿರುಗಿಸಿ. ಅಯಸ್ಕಾಂತದ ಸಣ್ಣ ಎಳೆತ ಬಿಟ್ಟರೆ ಹಗುರಾಗಿ ತಿರುಗಬೇಕು. ಈಗ ಯಾವುದಾದರೂ ಎರಡು ವೈರ್ ತುದಿ ಒಂದಕ್ಕೊಂದು ಮುಟ್ಟಿಸಿ ತಿರುಗಿಸಿ. ಬಿಗಿಯಾಗಬೇಕು. ಮೂರು ಜೋಡಿಗಳನ್ನೂ ಹೀಗೆ ನೋಡಿ. ಮೂರರಲ್ಲೂ ಬಿಗಿ ಒಂದೇ ಸಮ ಇದ್ದರೆ ಮೋಟರ್ ಬಹುತೇಕ ಸರಿ ಇದೆ, ಅನುಮಾನ ಇಎಸ್‌ಸಿ ಮೇಲೆ. ವೈರ್ ಮುಟ್ಟಿಸದೆಯೇ ಬಿಗಿ ಇದ್ದರೆ ಸುರುಳಿ ಒಳಗೆ ಶಾರ್ಟ್ ಆಗಿದೆ, ಅಥವಾ ಬೇರಿಂಗ್ ಹಿಡಿದಿದೆ. ಯಾವುದಾದರೂ ಜೋಡಿಯಲ್ಲಿ ಬಿಗಿಯೇ ಬಾರದಿದ್ದರೆ ಒಳಗೆ ಸುರುಳಿ ಕಡಿದಿದೆ. ಮಲ್ಟಿಮೀಟರ್‌ನ ಓಮ್ಸ್‌ನಲ್ಲಿ ಸುರುಳಿ ಅಳೆಯಲು ಹೋಗಬೇಡಿ, ಅದು ಅಷ್ಟು ಸಣ್ಣ ತಡೆಯನ್ನು ಸರಿಯಾಗಿ ತೋರಿಸುವುದಿಲ್ಲ. ವೈರ್‌ಗೂ ಮೋಟರ್ ಡಬ್ಬಿಗೂ ನಡುವೆ ಮಾತ್ರ ನೋಡಿ. ಅಲ್ಲಿ ಬೀಪ್ ಬಂದರೆ ಮೋಟರ್ ಹೋಗಿದೆ.

ಸೆನ್ಸರ್ ಇಲ್ಲದ ಮೋಟರ್ ಉಲ್ಟಾ ತಿರುಗಿದರೆ ಯಾವುದಾದರೂ ಎರಡು ವೈರ್ ಅದಲು ಬದಲು ಮಾಡಿದರಾಯಿತು. ಸೆನ್ಸರ್ ಮೋಟರ್‌ನಲ್ಲಿ ಹಾಗೆ ಮಾಡಬಾರದು. ಎ, ಬಿ, ಸಿ ಗುರುತು ಎರಡೂ ಕಡೆ ಸೇರಲೇಬೇಕು. ಅಂಥದ್ದು ಹೊರಡುವಾಗ ಮಾತ್ರ ತಡವರಿಸಿದರೆ ತೆಳ್ಳನೆಯ ಸೆನ್ಸರ್ ಕೇಬಲ್ ನೋಡಿ.

ಹಳೇ ಬ್ರಶ್ ಮೋಟರ್‌ನಲ್ಲಿ ಎರಡೇ ವೈರ್. ಅಲ್ಲಿ ಬೆಸುಗೆ ಮತ್ತು ಬ್ರಶ್ ಸವೆತ ನೋಡಿದರೆ ಸಾಕು.

ಕಾರು ಪೂರ್ತಿ ಸತ್ತಿದೆ

ದೀಪ ಇಲ್ಲ, ಸದ್ದಿಲ್ಲ. ಬ್ಯಾಟರಿ ಸರಿ ಇದೆ ಅಂತ ಮೊದಲೇ ಅಳೆದಿದ್ದೀರಿ. ಈಗ ಇಎಸ್‌ಸಿಯ ಸಣ್ಣ ಸ್ವಿಚ್ ಅಲ್ಲಾಡಿಸಿ. ಬಾಡಿ ಒಳಕ್ಕೆ ಒತ್ತಿದಾಗ ಮೊದಲು ಪೆಟ್ಟು ತಿನ್ನುವುದು ಅದೇ. ಸ್ವಿಚ್ ಸರಿ ಇದ್ದರೆ ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್‌ನ ಖಾಲಿ ಚಾನಲ್‌ನಲ್ಲಿ ಪ್ಲಸ್ ಮೈನಸ್ ನಡುವೆ ಅಳೆಯಿರಿ. ಇಎಸ್‌ಸಿ ಅಲ್ಲಿಗೆ ಸಾಮಾನ್ಯವಾಗಿ 5ರಿಂದ 6 ವೋಲ್ಟ್ ಕಳಿಸುತ್ತದೆ. ಬರುತ್ತಿಲ್ಲ ಅಂದರೆ ಸರ್ವೋ ಪ್ಲಗ್ ಕಿತ್ತು ಮತ್ತೆ ಅಳೆಯಿರಿ. ಈಗ ಬಂದರೆ ಕೆಟ್ಟಿರುವುದು ಇಎಸ್‌ಸಿ ಅಲ್ಲ, ಸಿಕ್ಕಿಕೊಂಡ ಸರ್ವೋ ಎಲ್ಲ ಕರೆಂಟನ್ನೂ ಕುಡಿಯುತ್ತಿದೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಕಾರು ಒಂದು ಕ್ಷಣ ಆಫ್ ಆಗಿ ಮತ್ತೆ ಆನ್ ಆಗುವುದಕ್ಕೂ ಇದೇ ಕಾರಣ.

ವೋಲ್ಟೇಜ್ ಬರುತ್ತಿದೆ, ಸ್ಟೇರಿಂಗ್ ಇದೆ, ಥ್ರಾಟಲ್ ಮಾತ್ರ ಇಲ್ಲ ಅಂದರೆ ಸರ್ವೋ ಪ್ಲಗ್ಗನ್ನು 2ನೇ ಚಾನಲ್‌ಗೆ, ಇಎಸ್‌ಸಿ ಪ್ಲಗ್ಗನ್ನು ಖಾಲಿ ಚಾನಲ್‌ಗೆ ಹಾಕಿ ಟ್ರಿಗರ್ ಒತ್ತಿ. ಸರ್ವೋ ಅಲ್ಲಾಡಿದರೆ ರಿಮೋಟ್, ರಿಸೀವರ್ ಎರಡೂ ಸರಿ ಇವೆ, ದೋಷ ಅಲ್ಲಿಂದ ಮುಂದೆ. ಚಕ್ರ ನೆಲದಿಂದ ಮೇಲೆಯೇ ಇರಲಿ. ಇಎಸ್‌ಸಿ ಮತ್ತು ರಿಸೀವರ್ ಒಂದೇ ಬೋರ್ಡ್‌ನಲ್ಲಿರುವ ಅಗ್ಗದ ಕಾರುಗಳಲ್ಲಿ ಈ ಪರೀಕ್ಷೆ ಆಗುವುದಿಲ್ಲ, ಬೋರ್ಡ್ ಬದಲಿಸುವುದೇ ದಾರಿ.

ಸ್ವಲ್ಪ ದೂರ ಹೋದರೆ ನಿಲ್ಲುತ್ತದೆ

ರಿಮೋಟಿನ ಸೆಲ್ ಬದಲಿಸಿ ನೋಡಿ. ಆಮೇಲೆ ಆಂಟೆನಾ. 2.4 ಗಿಗಾಹರ್ಟ್ಸ್ ರಿಸೀವರ್‌ನ ವೈರ್ ತುದಿಯಲ್ಲಿ ಹೊರಕವಚ ಸುಲಿದ ಭಾಗ ಸುಮಾರು 31 ಮಿಲಿಮೀಟರ್ ಇರುತ್ತದೆ, ಅಲೆಯ ಉದ್ದದ ಕಾಲು ಭಾಗ. ಕೆಲಸ ಮಾಡುವುದು ಆ ತುದಿಯೇ. ಅದು ಕಡಿದಿದ್ದರೆ, ಅಥವಾ ಕಾರ್ಬನ್ ಫೈಬರ್ ಚಾಸಿಗೆ ಅಂಟಿಕೊಂಡು ಬಿದ್ದಿದ್ದರೆ ದೂರ ಕಡಿಮೆಯಾಗುತ್ತದೆ. ಬ್ರಶ್ ಮೋಟರ್ ಕಾರಿನಲ್ಲಿ ಮೋಟರ್ ಡಬ್ಬಿಗೆ ಬೆಸೆದ ಸಣ್ಣ ಕೆಪಾಸಿಟರ್‌ಗಳನ್ನೂ ನೋಡಿ. ಅವು ಉದುರಿದರೆ ಮೋಟರ್‌ನ ಕಿಡಿಯೇ ಸಿಗ್ನಲ್ ಕೆಡಿಸುತ್ತದೆ.

ಇಲ್ಲೇ ಫೇಲ್‌ಸೇಫ್, ಅಂದರೆ ಸಿಗ್ನಲ್ ಹೋದಾಗ ಕಾರು ತಾನೇ ನಿಲ್ಲುವ ಏರ್ಪಾಡು ಕೂಡ ನೋಡಿಬಿಡಿ. ಚಕ್ರ ಎತ್ತಿ, ಸ್ವಲ್ಪ ಥ್ರಾಟಲ್ ಕೊಟ್ಟು, ರಿಮೋಟ್ ಆಫ್ ಮಾಡಿ. ಚಕ್ರ ನಿಲ್ಲಬೇಕು. ನಿಲ್ಲದಿದ್ದರೆ ಆ ಕಾರನ್ನು ಮಕ್ಕಳು ಆಡುವ ರಸ್ತೆಗೆ ಇಳಿಸಲೇಬೇಡಿ.

ಸಾಮಾನು ಎಲ್ಲಿ

ಆರ್ಮ್, ಡಿಫ್ ಮುಂತಾದವು ನಿಮ್ಮ ಮಾದರಿಯದ್ದೇ ಬೇಕು. ಉಳಿದದ್ದಕ್ಕೆಲ್ಲ ಹಾಬಿ ಅಂಗಡಿಯ ಬೆಲೆ ಕೊಡಬೇಕಾಗಿಲ್ಲ. ವೈರ್, ಕನೆಕ್ಟರ್, ಹೀಟ್ ಶ್ರಿಂಕ್, ಸೋಲ್ಡರ್ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತವೆ. ಬೇರಿಂಗ್‌ಗೆ ಎಸ್‌ಜೆಪಿ ರಸ್ತೆ ಕಡೆ ಹೋಗಿ. ಕಾರಿನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹಳೆಯದನ್ನು ಅಳೆದು “ಅಣ್ಣ, 5 ಬೈ 10 ಬೈ 4 ಕೊಡಿ” ಅನ್ನಿ, ಅಥವಾ ಎಂಆರ್ 105 ಅಂತ ಹೇಳಿ. 5 ಬೈ 11 ಬೈ 4 ಆದರೆ ಎಂಆರ್ 115. ಹಿಂಜ್ ಪಿನ್‌ಗೆ ಅದೇ ದಪ್ಪದ ಸಿಲ್ವರ್ ಸ್ಟೀಲ್ ರಾಡ್ ಕತ್ತರಿಸಿಕೊಳ್ಳಬಹುದು. ತುದಿಯಲ್ಲಿ ಇ-ಕ್ಲಿಪ್ ಕೂರುವ ಕಚ್ಚು ಬೇಕಿದ್ದರೆ ಲೇತ್ ಇರುವ ಯಾವುದೇ ಸಣ್ಣ ವರ್ಕ್‌ಶಾಪ್‌ನಲ್ಲಿ ಮಾಡಿಕೊಡುತ್ತಾರೆ.

ಸೀಳಿದ ಬಾಡಿಗೆ ಒಳಗಿನಿಂದ ಗೋಡೆ ಬಿರುಕಿಗೆ ಹಾಕುವ ಜಾಲರಿ ಟೇಪ್ ಹಾಕಿ, ಮೊಬೈಲ್ ರಿಪೇರಿಯವರು ಬಳಸುವ ಬಿ-7000ದಂತಹ ಬಳುಕುವ ಅಂಟು ಬಳಿಯಿರಿ. ಥಿನ್ನರ್, ಅಸಿಟೋನ್ ಹಚ್ಚಿ ಒರೆಸಬೇಡಿ, ಪಾಲಿಕಾರ್ಬನೇಟ್ ಬಿಳಿಚಿಕೊಂಡು ಬಿರುಕು ಬಿಡುತ್ತದೆ.

ಮತ್ತೆ ಓಡಿಸುವಾಗ

ಎಲ್ಲ ಜೋಡಿಸಿದ ಮೇಲೆ ಮೊದಲು ರಿಮೋಟ್ ಆನ್, ಆಮೇಲೆ ಕಾರು. ಚಕ್ರ ಗಾಳಿಯಲ್ಲಿರುವಾಗ ಕಾಲು ಥ್ರಾಟಲ್ ಕೊಟ್ಟು ಕಿವಿಗೊಡಿ. ಅಲ್ಲಿ ಬರುವ ಕಟಕಟ ರಸ್ತೆಯಲ್ಲಿ ಕೇಳಿಸುವುದಿಲ್ಲ. ನಂತರ ನೆಲದ ಮೇಲೆ ಎರಡು ಮೂರು ನಿಮಿಷ, ಅರ್ಧ ವೇಗದಲ್ಲಿ. ನಿಲ್ಲಿಸಿ ಮೋಟರ್ ಡಬ್ಬಿ, ಇಎಸ್‌ಸಿ, ಬ್ಯಾಟರಿ ಮುಟ್ಟಿ ನೋಡಿ. ಮೋಟರ್ ಮೇಲೆ ಬೆರಳು ಮೂರು ಸೆಕೆಂಡ್ ಇಡಲಾಗದಿದ್ದರೆ ಎಲ್ಲೋ ಇನ್ನೂ ಹಿಡಿಯುತ್ತಿದೆ. ಗೇರ್ ಅಂತರ, ಬೇರಿಂಗ್, ಬಗ್ಗಿದ ಶಾಫ್ಟ್, ಈ ಮೂರನ್ನು ಇದೇ ಕ್ರಮದಲ್ಲಿ ಮತ್ತೆ ನೋಡಿ. ತಣ್ಣಗಿದ್ದರೆ ಅಲನ್ ಕೀ ತೆಗೆದುಕೊಂಡು ನೀವು ಬಿಚ್ಚಿ ಹಾಕಿದ ಪ್ರತಿ ಸ್ಕ್ರೂಗೂ ಇನ್ನೊಂದು ಸಲ ಕೈ ಕೊಡಿ, ಆಮೇಲೆ ಪೂರ್ತಿ ಥ್ರಾಟಲ್.